ಭಾನುವಾರದ ಮಾತುಕತೆ: ರೈಲು ಬಾರದ ನಿಕೋಡೆಮಸ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗುಂಪಿನ ಕರೆಯಲ್ಲಿ ಅಮೆರಿಕದ ಕಾನ್ಸಾಸ್ ಬಯಲಿನ ಪುಟ್ಟ ಊರು ನಿಕೋಡೆಮಸ್ ಬಗ್ಗೆ ಮಾತಾಡೋಣ. ಅದಕ್ಕೂ ಮುಂಚೆ ಇಷ್ಟು ಓದಿಕೊಂಡು ಬನ್ನಿ.

1877ರಲ್ಲಿ ಇಲ್ಲಿಗೆ ಬಂದು ನೆಲೆಸಿದವರು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ. ಹೆಚ್ಚಿನವರು ಕೆಂಟಕಿಯವರು. ಎಲಿಸ್ ಪಟ್ಟಣದವರೆಗೆ ರೈಲಿತ್ತು, ಅಲ್ಲಿಂದಾಚೆ ದಿನಗಟ್ಟಲೆ ದಾರಿ. 1878ರಲ್ಲಿ ಬಂದ ವಿಲಿಯಾನಾ ಹಿಕ್ಮನ್, "ಊರೆಲ್ಲಿ, ಕಾಣಿಸ್ತಿಲ್ಲವಲ್ಲ" ಎಂದು ಕೇಳಿದರಂತೆ. ಗಂಡ ತೋರಿಸಿದ್ದು ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು! ಮನೆ ಕಟ್ಟಲು ಮರ ಸಿಗದ ಬಯಲು ಅದು. ಜನ ನೆಲ ಅಗೆದು ಅದರೊಳಗೇ ಸಂಸಾರ ಹೂಡಿದ್ದರು. ಆಕೆ ಅಲ್ಲೇ ಅತ್ತುಬಿಟ್ಟರು. ಯಾರಿಗಾದರೂ ಅಳು ಬರುತ್ತದೆ, ಅಲ್ವಾ? ಮೊದಲ ಚಳಿಗಾಲದಲ್ಲಿ ಕೈಹಿಡಿದವರು ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಮೂಲನಿವಾಸಿಗಳು. ತಮ್ಮ ಆಹಾರವನ್ನೇ ಹಂಚಿಕೊಂಡರು.

ಹತ್ತು ವರ್ಷದೊಳಗೆ ಶಾಲೆ, ಚರ್ಚು, ಅಂಗಡಿ, ಹೋಟೆಲು, ಎರಡು ಪತ್ರಿಕೆ ಎಲ್ಲವೂ ಬಂದವು. ರೈಲೊಂದು ಬಾಕಿ. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆತರಲು 16,000 ಡಾಲರ್ ಬಾಂಡ್‌ಗೆ, ಅಂದರೆ ಊರಿನ ಹೆಸರಲ್ಲಿ ಎತ್ತುವ ಸಾಲಕ್ಕೆ, ಜನ ಮತ ಹಾಕಿದರು. ಹಳಿ ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಸಾಲಮನ್ ನದಿಯ ಆಚೆ ದಡದಲ್ಲಿ ಹಾದುಹೋಯಿತು. ಅಲ್ಲಿ ಬೋಗ್ ಎಂಬ ಊರೆದ್ದಿತು. ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಲ್ಲಿಗೆ ಹೊರಟರು. ಇಷ್ಟು ಕಷ್ಟಪಟ್ಟ ಜನರಿಗೆ ಕೆಲವೇ ಮೈಲಿ ದೂರದಲ್ಲಿ ರೈಲು ತಪ್ಪಿದ್ದು ನನಗೆ ತುಂಬಾ ನೋವಿನ ಸಂಗತಿ.

ಊರು ಈಗಲೂ ಇದೆ. 1996ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಬೇರೆಡೆ ನೆಲೆಸಿದ ವಂಶಸ್ಥರು ಪ್ರತಿ ಜುಲೈ ಕೊನೆಗೆ ಇಲ್ಲಿ ಸೇರುತ್ತಾರೆ.

ಕರೆಗೆ ಮುಂಚೆ ಮ್ಯಾಪ್‌ನಲ್ಲಿ ನಿಕೋಡೆಮಸ್, ಬೋಗ್ ಎರಡನ್ನೂ ಹುಡುಕಿಟ್ಟುಕೊಳ್ಳಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.