ಐದನೇ ಕ್ಲಾಸಿನ ಒತ್ತಕ್ಷರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಐದನೇ ಕ್ಲಾಸಿನವರಿಗೆ ‘ಓದೋಕೇ ಬರಲ್ಲ’ ಅಂತ ಬರೆದಿದ್ದೀಯ. ಹಾಗಂತ ಮತ್ತೆ ಅ ಆ ಇ ಈ ತಿದ್ದಿಸೋಕೆ ಹೋಗಬೇಡ ಮಾರಾಯ. ಒಬ್ಬೊಬ್ಬರನ್ನೇ ಕೂರಿಸಿಕೊಂಡು 10 ಪದ ಓದಿಸು: ಮನೆ, ಗೋಡೆ, ಕೂದಲು, ಹಗ್ಗ, ಅಜ್ಜಿ, ಅನ್ನ, ಬೆಲ್ಲ, ಭಕ್ತಿ, ಸೂರ್ಯ, ಕರ್ನಾಟಕ. ಬಾಯಲ್ಲಿ ಬಂದದ್ದನ್ನು ಹಾಗೇ ಬರೆದುಕೊ. ಮೊದಲ ಮೂರು ಸಲೀಸಾಗಿ ಬಂದು ಆಮೇಲೆ ಎಡವಿದರೆ ತೊಡಕು ಒತ್ತಕ್ಷರದ್ದು.

‘ಭಕ್ತಿ’ಯನ್ನು ‘ಭಕಿತ’ ಅನ್ನುವ ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿರುತ್ತದೆ. ಗುಡಿಸು (‘ಇ’ ಸ್ವರದ ಗುರುತು) ಕೂತಿರುವುದು ‘ಕ’ದ ಮೇಲೆ, ಉಚ್ಚಾರದಲ್ಲಿ ಅದು ಕೆಳಗಿನ ‘ತ’ಕ್ಕೆ ಸೇರಿದ್ದು. ಚಪ್ಪಾಳೆ ತಟ್ಟಿಸಿ ಭಕ್–ತಿ ಅನ್ನಿಸು, ಬೋರ್ಡಿನ ಮೇಲೆ ಕ್ + ತಿ ಎಂದು ಬಿಡಿಸು. ಬರೆಯುವಾಗ ಗುಡಿಸು ಮೇಲಿನದಕ್ಕೆ, ಓದುವಾಗ ಕೆಳಗಿನದಕ್ಕೆ.

ಅರ್ಕಾವತ್ತು, ಅಂದರೆ ‘ರ್’ ಸದ್ದಿಗೆ ಅಕ್ಷರದ ಪಕ್ಕದಲ್ಲಿ ಹಾಕುವ ಗುರುತು, ಇದಕ್ಕಿಂತ ತಂಟೆಕೋರ. ‘ಕರ್ನಾಟಕ’ದಲ್ಲಿ ಕಿವಿಗೆ ಮೊದಲು ಬೀಳುವ ‘ರ್’ ಕಾಗದದ ಮೇಲೆ ‘ನಾ’ ಆದ ಮೇಲೆ ಬರುತ್ತದೆ, ಅದಕ್ಕೇ ‘ಕನಾರ್ಟಕ’ (ದೊಡ್ಡವರ ಬೋರ್ಡುಗಳಲ್ಲೂ ನೋಡಿರುತ್ತೀಯ). ಕೆಲವು ದಿನ ‘ರ’ ಬರೆಸಿ ಅದರ ಕೆಳಗೆ ನ ಒತ್ತು ಕೊಡಿಸು, ಅದೂ ತಪ್ಪಲ್ಲ. ನಾಲಿಗೆ ಹೊರಳಿದ ಮೇಲೆ ಅರ್ಕಾವತ್ತಿಗೆ ಬಾ.

ಕಲಿಸುವ ಕ್ರಮವೂ ಮುಖ್ಯ. ಮೊದಲು ಸಜಾತೀಯ (ಅಕ್ಷರಕ್ಕೆ ಅದರದೇ ಒತ್ತು), ಅದರಲ್ಲೂ ಒತ್ತು ಮೂಲ ಅಕ್ಷರವನ್ನೇ ಹೋಲುವಂಥವು: ಗ್ಗ, ಜ್ಜ, ಬ್ಬ. ಆಮೇಲೆ ರೂಪ ಬದಲಿಸುವ ತ್ತ, ನ್ನ, ಮ್ಮ, ಯ್ಯ, ಲ್ಲ. ವಿಜಾತೀಯ (‘ಕ್ತ’ದಂತೆ ಬೇರೆ ಅಕ್ಷರದ ಒತ್ತು) ಕೊನೆಗೆ. ದಿನಕ್ಕೆ 15 ನಿಮಿಷ, ಐದೇ ಪದ.

ಉಕ್ತಲೇಖನದಲ್ಲಿ ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆ ಬಿಟ್ಟುಬಿಡು. ಮೂರನೇ ಸಲದಿಂದ ಮಗು ಪದ ನೋಡುವುದೇ ಇಲ್ಲ, ಮೇಲಿನ ಸಾಲು ನೋಡಿ ಇಳಿಸುತ್ತದೆ. ಅಲ್ಲಿ ತಪ್ಪಿದ್ದರೆ ಹತ್ತೂ ತಪ್ಪು. ಪದ ನೋಡಲಿ, ಗಟ್ಟಿಯಾಗಿ ಹೇಳಲಿ, ಕೈಯಿಂದ ಮುಚ್ಚಿ ಬರೆಯಲಿ, ಆಮೇಲೆ ತಾನೇ ಹೋಲಿಸಲಿ. ಎರಡು ಸಲ ಸಾಕು.

ಬೋರ್ಡು ನೋಡಿ ಮುತ್ತಿನಂತೆ ಇಳಿಸುವವರು ಸ್ವಂತ ಸಾಲಿಗೆ ಪೆನ್ಸಿಲ್ ಕಚ್ಚುತ್ತಾರೆ. ‘ನನ್ನ ಶಾಲೆ’ ಪ್ರಬಂಧ ಬೇಡ. ಇವತ್ತಿನ ಬಿಸಿಯೂಟದ ಬಗ್ಗೆ ಎರಡು ಸಾಲು ಕೇಳು. ‘ಸಾರು ಕಾರ ಇತ್ತು’ ಎಂದು ಬರೆದರೆ ‘ಖಾರ’ದ ಮಹಾಪ್ರಾಣಕ್ಕೆ ಆಗಲೇ ಕೆಂಪು ಶಾಯಿ ಹಚ್ಚಬೇಡ, ಆ ವಾರ ಒತ್ತಕ್ಷರವನ್ನಷ್ಟೇ ತಿದ್ದು. ‘ಹಾಲು’ ಮನೆಮಾತಿನಲ್ಲಿ ‘ಆಲು’ ಆಗಿದ್ದರೆ ಮಾತನ್ನು ಆಡಿಕೊಳ್ಳದೆ ಬರಹದಲ್ಲಿ ಮಾತ್ರ ಸರಿಪಡಿಸು.

‘ರಾಷ್ಟ್ರ’, ‘ಶಾಸ್ತ್ರ’ದಂಥ ಎರಡೆರಡು ಒತ್ತಿನವನ್ನು ದಸರಾ ರಜೆ ಮುಗಿದ ಮೇಲೆ ತೆಗೆದುಕೊ. ಆ 10 ಪದಗಳ ಹಾಳೆ ಎಸೆಯಬೇಡ, ಆಗ ಮತ್ತೆ ಓದಿಸಲು ಬೇಕು.

ನಿನ್ನ ಗೆಳೆಯ