ಕೈಲ್ ಮುಹೂರ್ತದ ಮೈದಾನದಲ್ಲಿ ಬಿಲ್ಲಿಗೂ ಜಾಗ ಕೊಡಿ

ಸಂಪಾದಕರೇ,

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ತಯಾರಿ ನಡೆದಿದೆ. ನಾಟಿ ಮುಗಿಸಿ, ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜೆ ಮಾಡಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು ತಿಂದು ಮೈದಾನಕ್ಕೆ ಹೋಗುವ ಖುಷಿಯೇ ಬೇರೆ. ಸ್ಪರ್ಧೆ ನಡೆಸುವ ಸಮಿತಿಗಳಲ್ಲಿ ನನ್ನದೊಂದು ಕೋರಿಕೆ. ಕೋವಿಯವರದು ಮುಗಿದ ಮೇಲೆ ಅದೇ ಮೈದಾನದಲ್ಲಿ ಮಕ್ಕಳಿಗೆ ಬಿಲ್ಲು ಬಾಣದ ಸ್ಪರ್ಧೆಯನ್ನೂ ಇಡಿ. ಅಂಗಡಿಯಿಂದ ತಂದ ಬಿಲ್ಲು ಬೇಡ. ತೋಟದಲ್ಲಿ ಬಿದ್ದ ಮರದಿಂದ ಮನೆಯಲ್ಲೇ ಮಾಡಿದ್ದಾಗಿರಬೇಕು.

ನಾನು ನಿವೃತ್ತ ದೈಹಿಕ ಶಿಕ್ಷಕ. ಸಿದ್ದಾಪುರದ ಕಡೆ ಸ್ವಲ್ಪ ಕಾಫಿ ತೋಟವಿದೆ. ಸ್ಪರ್ಧೆಯ ದಿನ ಹೈಸ್ಕೂಲು ಮಕ್ಕಳು ಹಗ್ಗದಾಚೆ ನಿಂತು ದೊಡ್ಡವರು ಹೊಡೆಯುವುದನ್ನು ನೋಡುತ್ತಾರೆ. ಕೋವಿ ಹಿಡಿಯುವ ವಯಸ್ಸಲ್ಲ ಅವರದು, ಸರಿ. ಹಾಗಂತ ದಿನವಿಡೀ ಸುಮ್ನೆ ನಿಂತುಕೊಳ್ಳಬೇಕಾ?

ಮರ ಎಲ್ಲಿಂದ ಅಂತ ಕೇಳಬಹುದು. ನಮ್ಮ ಭಾಗದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೋಟಕ್ಕೆ ನುಗ್ಗಿದ ಆನೆ ತಾಳೆಯ ಜಾತಿಯ ಬೈನೆ ಮರ ಕಂಡರೆ ಬಿಡುವುದುಂಟೇ? ಕೆಡವಿ, ಸೀಳಿ, ತಿರುಳು ತಿಂದು ಹೋಗುತ್ತದೆ. ಮೆತ್ತಗಿನ ಒಳಭಾಗ ಅದಕ್ಕೆ, ಕಪ್ಪು ನಾರಿನ ಗಟ್ಟಿ ಹೊರಭಾಗ ನಮಗೆ. ಆ ಹೊರಭಾಗವೇ ಬಿಲ್ಲಿಗೆ ಬೇಕಾದದ್ದು. ಬೈನೆ ಸಿಗದವರು ಗಾಳಿಗೆ ಬಿದ್ದ ಹಳೇ ಅಡಿಕೆ ಮರದ ಬುಡದ ಭಾಗ ತೆಗೆದುಕೊಳ್ಳಬಹುದು. ಬೇಲಿಯಿಂದ ಕಿತ್ತ ಅಡಿಕೆ ದಬ್ಬೆ (ಸೀಳಿದ ಪಟ್ಟಿ) ಆದರೆ ತಟ್ಟಿ ನೋಡಿ. ಟಣ್ ಅಂದರೆ ಇಟ್ಟುಕೊಳ್ಳಿ, ಡಬ್ ಅಂದರೆ ಒಲೆಗೆ ಹಾಕಿ. ಮೊಳೆ ಹೊಡೆದ ತುಂಡು ಬೇಡವೇ ಬೇಡ, ತೂತಿದ್ದಲ್ಲೇ ಮುರಿಯುತ್ತದೆ. ಬೈನೆ ಕಾಯಿ ಮೈಗೆ ತಾಗಿದರೆ ತುರಿಕೆ ಜಾಸ್ತಿ, ಗೊನೆಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ನನಗೆ ಈ ಕೆಲಸ ಹೇಳಿಕೊಟ್ಟವರು ಪಕ್ಕದ ತೋಟದ ಲೈನ್ ಮನೆಯಲ್ಲಿರುವ ಒಬ್ಬ ಆದಿವಾಸಿ ಎರವರ ಅಜ್ಜ. ಮೊದಲು ದಬ್ಬೆ ಸೀಳಿ, ತುದಿಗಳಿಗೆ ಜೇನುಮೇಣ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿಡಬೇಕು. ಹಸಿಯಿದ್ದಾಗ ಅವಸರಪಟ್ಟರೆ ಬಿಲ್ಲು ಬಗ್ಗಿದ್ದು ಬಗ್ಗಿದಂತೆಯೇ ಉಳಿಯುತ್ತದೆ. ಒಣಗಿದ ಮೇಲೆ ಎಳೆಯುವವರ ಎತ್ತರಕ್ಕೆ ಕತ್ತರಿಸಿ, ನಡುವೆ ದಪ್ಪ ಬಿಟ್ಟು ಎರಡೂ ತುದಿಗೆ ಸಣ್ಣ ಮಾಡುತ್ತಾ ಬರಬೇಕು. ಮರದ ಹೊರಮೈ ಗುರಿಯ ಕಡೆಗಿರಬೇಕು. ಆ ಮೈಗೆ ಕತ್ತಿ ತಾಗಿಸಲೇಬಾರದು. ಅಲ್ಲಿ ಒಂದು ನಾರು ತುಂಡಾದರೂ ಎಳೆದಾಗ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಕೆತ್ತುವುದೇನಿದ್ದರೂ ಒಳಮೈಯಲ್ಲಿ. ಕತ್ತಿಯಲ್ಲಿ ಒರಟು ಕೆಲಸ, ಆಮೇಲೆ ಗಾಜಿನ ಚೂರಿನಿಂದ ಕೆರೆಯುವುದು. ಗಾಜು ಎಳೆದಾಗ ಕಪ್ಪು ಪುಡಿ ಸುರುಳಿ ಸುರುಳಿಯಾಗಿ ಉದುರುತ್ತದೆ.

ನಿಜವಾದ ಕಷ್ಟ ಮುಂದಿದೆ. ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಸಡಿಲವಾಗಿ ಹಗ್ಗ ಕಟ್ಟಿ ಮೆಲ್ಲಗೆ ಎಳೆದು ದೂರ ನಿಂತು ನೋಡಬೇಕು. ಬಿಲ್ಲಿನ ಎರಡೂ ಕಡೆ ಒಂದೇ ಸಮ ಬಗ್ಗುತ್ತಿವೆಯಾ? ಬಗ್ಗದೆ ಸೆಟೆದುಕೊಂಡ ಜಾಗವನ್ನಷ್ಟೇ ಕೆರೆದು ಮತ್ತೆ ಎಳೆಯಬೇಕು. ಜಾಸ್ತಿ ಬಗ್ಗುವ ಜಾಗವನ್ನು ಮುಟ್ಟಬಾರದು. 'ಮೇಷ್ಟ್ರೇ, ತೆಗೆದದ್ದನ್ನು ಮತ್ತೆ ಅಂಟಿಸೋಕಾಗಲ್ಲ' ಎಂದು ಅಜ್ಜ ನನ್ನ ಕೈಯಿಂದ ಗಾಜು ಕಿತ್ತುಕೊಂಡದ್ದೂ ಉಂಟು. ಹೆದೆಗೆ ನೈಲಾನ್ ಹಗ್ಗ ಹಿಗ್ಗುತ್ತದೆ, ಪಾಲಿಯೆಸ್ಟರ್ ದಾರ ಹೊಸೆದರೆ ವಾಸಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಲ್ಲು ಸೀಳಬಹುದು. ಆಟ ಮುಗಿದ ಕೂಡಲೇ ಹೆದೆ ಇಳಿಸಿಡಬೇಕು.

ಬೇಟೆಗೆ ದಾರಿಯಾಗುತ್ತದೆ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಬೇಟೆ ತಡೆಯಲು 1972ರ ವನ್ಯಜೀವಿ ಕಾಯ್ದೆ ಇದ್ದೇ ಇದೆ. ನಾನು ಹೇಳುತ್ತಿರುವುದು ಮೊಂಡು ತುದಿಯ ಬಿದಿರು ಬಾಣ, ಹುಲ್ಲು ತುಂಬಿದ ಗೋಣಿಚೀಲ, ಅದರ ಹಿಂದೊಂದು ಎತ್ತರದ ಮಣ್ಣಿನ ಬರೆ. ರಾಜಸ್ಥಾನದ ಬಿಲ್ಲುಗಾರ ಲಿಂಬಾ ರಾಮ್ ಬಿದಿರಿನ ಬಿಲ್ಲಿನಲ್ಲಿ ಕಲಿತೇ 1988, 1992, 1996ರ ಒಲಿಂಪಿಕ್ಸ್‌ಗೆ ಹೋದರು. ನಮ್ಮ ಮಕ್ಕಳೂ ಹೋಗಲೇಬೇಕು ಅಂತಲ್ಲ. ಆದರೆ 1997ರಲ್ಲಿ ನಮ್ಮ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಶುರುವಾದಾಗ ಅದು ಇಷ್ಟು ದೊಡ್ಡದಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಒಂದು ಷರತ್ತು ಮಾತ್ರ ಹಾಕುತ್ತೇನೆ. ಕಲಿಸಲು ಎರವ, ಕುರುಬ ಆದಿವಾಸಿ ಹಿರಿಯರನ್ನೇ ಕರೆಯಬೇಕು, ಅವರಿಗೆ ದಿನದ ಸಂಬಳ ಕೊಡಬೇಕು. ಶಾಲು ಹೊದಿಸಿ ಫೋಟೋ ತೆಗೆದು ಕಳಿಸುವುದು ಬೇಡ. ತೋಟದ ಕೆಲಸ ಬಿಟ್ಟು ಬಂದವರ ಮನೆಯಲ್ಲಿ ಶಾಲಿನಿಂದ ಅನ್ನ ಬೇಯುವುದಿಲ್ಲ.

ಈ ಸಲ ಹೊತ್ತಾಯಿತು, ಮಳೆಗಾಲದಲ್ಲಿ ಮರ ಒಣಗುವುದೂ ಇಲ್ಲ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದಾಗ ದಬ್ಬೆ ಸೀಳಿಟ್ಟರೆ ಮುಂದಿನ ಕೈಲ್ ಮುಹೂರ್ತಕ್ಕೆ ಬಿಲ್ಲು ಸಿದ್ಧವಾಗುತ್ತದೆ. ಯಾವ ಸಮಿತಿ ಮುಂದೆ ಬಂದರೂ ನನ್ನ ತೋಟದ ಬೈನೆ ದಬ್ಬೆ ಪುಕ್ಕಟೆ. ಜೀಪಿನ ಬಾಡಿಗೆ ಮಾತ್ರ ಅವರದು.

— ನಿವೃತ್ತ ದೈಹಿಕ ಶಿಕ್ಷಕ, ಸಿದ್ದಾಪುರ, ಕೊಡಗು