ಚಳಿಗಾಲದ ಹಾಡುಗಳನ್ನು ಹಬ್ಬದ ಸರಕೆಂದು ತಳ್ಳಿಹಾಕಬೇಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆಯುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಹಳೆಯ ರಾಕ್ ತಂಡವೊಂದು ಕ್ರಿಸ್‌ಮಸ್ ಆಲ್ಬಂ ತಂದಿತೆಂದರೆ ಅದರ ಬತ್ತಳಿಕೆ ಬರಿದಾಗಿದೆ ಎಂದೇ ತಿಳಿಯಬೇಕು, ಹಬ್ಬದ ಭರಾಟೆಯಲ್ಲಿ ನಾಲ್ಕು ಕಾಸು ಮಾಡಿಕೊಳ್ಳುವುದಷ್ಟೇ ಅದರ ಉದ್ದೇಶ. ಕೆಲವು ಆಲ್ಬಂಗಳ ಮಟ್ಟಿಗೆ ಈ ಮಾತು ಸಲ್ಲಬಹುದು. ಆದರೆ ಬ್ರಿಟನ್ನಿನ ಜೆಥ್ರೋ ಟಲ್ ತಂಡ 2003ರಲ್ಲಿ ಹೊರತಂದ ‘ದಿ ಜೆಥ್ರೋ ಟಲ್ ಕ್ರಿಸ್‌ಮಸ್ ಆಲ್ಬಂ’ ಅನ್ನೂ ಅದೇ ತಕ್ಕಡಿಯಲ್ಲಿ ತೂಗುವುದನ್ನು ಕಂಡು ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಇದರಲ್ಲಿರುವ ಹದಿನಾರು ರಚನೆಗಳು ಹುಟ್ಟಿದ ವರ್ಷಗಳನ್ನು ನೋಡಿದರೂ ಸಾಕು, ಆರೋಪ ಸಡಿಲವಾಗುತ್ತದೆ. ‘ಎ ಕ್ರಿಸ್‌ಮಸ್ ಸಾಂಗ್’ 1968ರದು. ‘ಲವ್ ಸ್ಟೋರಿ’ ಎಂಬ ಸಿಂಗಲ್ ರೆಕಾರ್ಡಿನ ಹಿಂಬದಿಯಲ್ಲಿ ಅದು ಬಂದಾಗ ತಂಡದ ಗಾಯಕ, ಕೊಳಲುವಾದಕ ಇಯಾನ್ ಆಂಡರ್ಸನ್ ಅವರಿಗೆ 21 ವರ್ಷ. ‘ರಿಂಗ್ ಔಟ್ ಸಾಲ್‌ಸ್ಟಿಸ್ ಬೆಲ್ಸ್’ 1976ರದು, ‘ಫೈರ್ ಅಟ್ ಮಿಡ್‌ನೈಟ್’ ಅದರ ಮರುವರ್ಷದ್ದು, ‘ವೆದರ್‌ಕಾಕ್’ 1978ರದು, ‘ಅನದರ್ ಕ್ರಿಸ್‌ಮಸ್ ಸಾಂಗ್’ 1989ರದು. ಮೂವತ್ತೈದು ವರ್ಷಗಳ ಕಾಲ ಬೇರೆ ಬೇರೆ ರೆಕಾರ್ಡುಗಳಲ್ಲಿ ಚದುರಿಹೋಗಿದ್ದ ಈ ಹಾಡುಗಳನ್ನು ಒಟ್ಟುಗೂಡಿಸಿ, ಹೊಸದಾಗಿ ನುಡಿಸಿ, ಹೊಸ ರಚನೆಗಳನ್ನು ಜೊತೆಗಿಟ್ಟ ಕೆಲಸ ಇದು. ಸರಕು ಮುಗಿದವನು ಹೀಗೆ ಕಣಜ ತೆರೆದು ತೋರಿಸಲಾರ.

ಕಣಜದ ಮಾತು ಸುಮ್ಮನೆ ಬಂದದ್ದಲ್ಲ. ತಂಡದ ಹೆಸರೇ ಒಬ್ಬ ಕೃಷಿಕನದು. ಜೆಥ್ರೋ ಟಲ್ ಎಂಬಾತ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕುದುರೆ ಎಳೆಯುವ ಕೂರಿಗೆ ಯಂತ್ರವನ್ನು ರೂಪಿಸಿದವನು. ಹೆಸರು ಆಕಸ್ಮಿಕವಾಗಿ ಅಂಟಿಕೊಂಡದ್ದಾದರೂ 1970ರ ದಶಕದ ಕೊನೆಯ ವೇಳೆಗೆ ತಂಡದ ಹಾಡುಗಳಲ್ಲಿ ಹೊಲ, ಕಾಡು, ಉಳುವ ಕುದುರೆ, ಗಾಳಿಯ ದಿಕ್ಕು ತೋರಲು ಗೋಪುರದ ಮೇಲೆ ತಿರುಗುವ ಲೋಹದ ಹುಂಜ ಎಲ್ಲವೂ ಬಂದು ನೆಲೆಸಿದ್ದವು. ಹಾಗಾಗಿ ಚಳಿಗಾಲ ಇವರಿಗೆ ಹಬ್ಬದ ಅಲಂಕಾರವಾಗಿ ಒದಗಿದ್ದಲ್ಲ, ಋತುಚಕ್ರದ ಒಂದು ಘಟ್ಟವಾಗಿ ಮೊದಲಿನಿಂದಲೂ ಜೊತೆಗಿತ್ತು. ‘ಸಾಲ್‌ಸ್ಟಿಸ್ ಬೆಲ್ಸ್’ ಹಾಡಿನಲ್ಲಿ ಏಸುವಿನ ಪ್ರಸ್ತಾಪವೇ ಇಲ್ಲ. ಅಲ್ಲಿರುವುದು ಸಾಲ್‌ಸ್ಟಿಸ್ ಎನಿಸಿದ ವರ್ಷದ ಅತಿ ದೀರ್ಘ ಇರುಳು, ಓಕ್ ಮರದ ಮೇಲೆ ಹಬ್ಬಿದ ಬಂದಳಿಕೆ, ಏಳರ ಎಣಿಕೆಗೆ ಕುಣಿಯುವ ಹಳೆಯ ಕಾಲದ ಏಳು ಜನ ಡ್ರೂಯಿಡ್ ಪುರೋಹಿತರು. ಕ್ರೈಸ್ತ ಹಬ್ಬದ ಅಡಿಪಾಯದಲ್ಲಿ ಅದಕ್ಕಿಂತ ಹಳೆಯ ಸೂರ್ಯನ ಹಬ್ಬವೊಂದು ಇದೆ ಎಂಬ ಮಾತನ್ನು ಆ ಹಾಡು ಚಪ್ಪಾಳೆ ತಟ್ಟುತ್ತಲೇ ನೆನಪಿಸುತ್ತದೆ.

ನನ್ನ ಮುಖ್ಯ ತಕರಾರು ಇರುವುದು ಈ ಹಾಡುಗಳ ಆಶಯವನ್ನು ಯಾರೂ ಗಮನಿಸುವುದಿಲ್ಲ ಎಂಬುದರಲ್ಲಿ. 1968ರ ಹಾಡು ಒಂದು ಪ್ರಸಿದ್ಧ ಕ್ರಿಸ್‌ಮಸ್ ಸ್ತೋತ್ರದ ಸಾಲನ್ನು ನೆನಪಿಸುತ್ತ ಶುರುವಾಗಿ, ಹೊಟ್ಟೆ ಬಿರಿಯುವಂತೆ ಉಂಡು ಕುಡಿಯುವವರನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತದೆ. ಕೊನೆಗೆ ಹಾಡುಗಾರನೇ ಸಾಂಟಾನ ಕಡೆ ತಿರುಗಿ ಬಾಟಲಿ ಇತ್ತ ಕೊಡು ಎನ್ನುತ್ತಾನೆ. ಬುದ್ಧಿ ಹೇಳಿದವನೂ ಅದೇ ಪಂಕ್ತಿಯಲ್ಲಿ ಕುಳಿತಿದ್ದಾನೆ ಎಂದು ತಿಳಿಯುವುದು ಆಗಲೇ. 1980ರ ದಶಕದ ಮೊದಲ ವರ್ಷಗಳಲ್ಲಿ ಧ್ವನಿಮುದ್ರಣಗೊಂಡು, ಆಗಿನ ಆಲ್ಬಂನಲ್ಲಿ ಜಾಗ ಸಿಗದೆ ಉಳಿದಿದ್ದ ‘ಜ್ಯಾಕ್ ಫ್ರಾಸ್ಟ್ ಅಂಡ್ ದಿ ಹುಡೆಡ್ ಕ್ರೋ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಮಾತಾಡುವವರು ಮನುಷ್ಯರಲ್ಲ. ಕೊರೆಯುವ ಮಂಜು ಮತ್ತು ಒಂದು ಕಾಗೆ. ಹಲ್ಲು ಕಟಕಟಿಸುತ್ತ ತಮ್ಮನ್ನು ಬೈದುಕೊಂಡು ಓಡುವ ಜನರಿಗೆ ಅವರಿಬ್ಬರು ಹೇಳುವುದಿಷ್ಟೆ: ಮೈ ಕಾಯಿಸಿಕೊಳ್ಳಲು ಬೆಂಕಿಯೂ ಇಲ್ಲದವರನ್ನು ಈ ದಿನವಾದರೂ ನೆನೆಯಿರಿ. ಚಳಿಯ ಬಾಯಿಂದಲೇ ಈ ಮಾತು ಆಡಿಸಿದ್ದರಲ್ಲಿ ಎಂಥ ಕವಿತ್ವವಿದೆ!

2003ರಲ್ಲಿ ಹೊಸದಾಗಿ ಬಂದ ‘ಬರ್ತ್‌ಡೇ ಕಾರ್ಡ್ ಅಟ್ ಕ್ರಿಸ್‌ಮಸ್’ ಮೇಲ್ನೋಟಕ್ಕೆ ಹಗುರವಾದ ಹಾಡು. ಆಂಡರ್ಸನ್ ಅವರ ಮಗಳ ಹುಟ್ಟುಹಬ್ಬ ಕ್ರಿಸ್‌ಮಸ್ಸಿನ ಆಸುಪಾಸಿನಲ್ಲೇ ಬೀಳುವುದರಿಂದ ದೊಡ್ಡ ಹಬ್ಬದ ಗದ್ದಲದಲ್ಲಿ ಅದು ಕಳೆದುಹೋಗುತ್ತದೆ ಎಂಬುದು ಅದರ ಹಿನ್ನೆಲೆ. ಆದರೆ ಎರಡನೆಯ ಬಾರಿ ಕೇಳಿದಾಗ, ಈ ಗದ್ದಲದಲ್ಲಿ ಹುಟ್ಟುಹಬ್ಬ ಕಳೆದುಕೊಂಡ ಇನ್ನೊಬ್ಬನೂ ಇದ್ದಾನಲ್ಲವೇ ಎಂದು ತಟ್ಟನೆ ಹೊಳೆಯುತ್ತದೆ. ‘ಫಸ್ಟ್ ಸ್ನೋ ಆನ್ ಬ್ರೂಕ್ಲಿನ್’ ಹಾಡಿನಲ್ಲಿ ಒಬ್ಬ ಸಂಜೆಯ ವಿಮಾನದಲ್ಲಿ ನ್ಯೂಯಾರ್ಕಿಗೆ ಬಂದಿಳಿದು, ಬಂದದ್ದು ಸರಿಯೋ ತಪ್ಪೋ ಎಂದು ತಿಳಿಯದೆ, ಬೀದಿಯ ಹಿಮದಲ್ಲಿ ಒಂಟಿಯಾಗಿ ನಿಲ್ಲುತ್ತಾನೆ. ನಾಲ್ಕು ತಂತಿವಾದ್ಯಗಳು ಅವನಿಗೆ ಜೊತೆಯಾಗುತ್ತವೆ. ಹೊರಗೆ ಉಳಿದವರು ಯಾರು ಎಂಬ ಪ್ರಶ್ನೆಯನ್ನು ಇಪ್ಪತ್ತೊಂದರ ಹರೆಯದಲ್ಲಿ ಕೇಳಿದ ವ್ಯಕ್ತಿ ಐವತ್ತಾರರಲ್ಲೂ ಅದನ್ನು ಬಿಡದೆ ಕೇಳುತ್ತಿದ್ದಾರೆ. ಇದನ್ನು ಮಾರುಕಟ್ಟೆಯ ಲೆಕ್ಕಾಚಾರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ವಾದ್ಯ ಸಂಗೀತದ ಭಾಗವೂ ಇಲ್ಲಿ ಧಾರಾಳವಾಗಿದೆ. ಜರ್ಮನ್ ಸಂಯೋಜಕ ಬಾಕ್ ಲ್ಯೂಟ್ ಎಂಬ ತಂತಿವಾದ್ಯಕ್ಕೆಂದು ಬರೆದ ಇ ಮೈನರ್ ಸ್ವೀಟ್‌ನ (ನೃತ್ಯರಚನೆಗಳ ಮಾಲೆಯ) ‘ಬೂರೇ’ ನೃತ್ಯಭಾಗವನ್ನು ಈ ತಂಡ 1969ರಲ್ಲಿಯೇ ಜಾಝ್ ಲಯಕ್ಕೆ ಒಗ್ಗಿಸಿತ್ತು. ಅದನ್ನು ಇಲ್ಲಿ ಮತ್ತೆ ಕೈಗೆತ್ತಿಕೊಂಡಿದೆ. ಆಂಡರ್ಸನ್ ಕೊಳಲಿಗೆ ಉಸಿರು ಬಿಡುತ್ತಲೇ ಗಂಟಲಿನಲ್ಲಿ ಸ್ವರವನ್ನು ಗುನುಗುತ್ತಾರೆ. ಆಗ ಕೊಳಲಿನ ನಾದದ ಮೇಲೆ ಮನುಷ್ಯನ ದನಿಯ ಒರಟು ಅಂಚೊಂದು ಉಜ್ಜಿದಂತಾಗಿ, ಒಂದೇ ಸ್ವರ ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುತ್ತದೆ. ಹಳೆಯ ಧ್ವನಿಮುದ್ರಣದಲ್ಲಿ ಹುಡುಗನ ಹುಮ್ಮಸ್ಸಿತ್ತು. ಇಲ್ಲಿ ಅದೇ ಉಸಿರು ಅವಸರವಿಲ್ಲದೆ ಓಡಾಡುತ್ತದೆ. ಫ್ರೆಂಚ್ ಸಂಯೋಜಕ ಫೋರೆಯವರ ‘ಪವಾನ್’ ಆಯ್ಕೆಯೂ ಅಷ್ಟೇ ಉಚಿತವಾದದ್ದು, ಏಕೆಂದರೆ ಮೂಲ ವಾದ್ಯವೃಂದ ರೂಪದಲ್ಲಿಯೂ ಅದರ ಮೊದಲ ರಾಗವನ್ನು ನುಡಿಸುವುದು ಕೊಳಲೇ.

‘ಹಾಲಿ ಹೆರಾಲ್ಡ್’ ಎಂಬ ರಚನೆಯಲ್ಲಿ ಎರಡು ಕ್ಯಾರಲ್‌ಗಳನ್ನು (ಕ್ರಿಸ್‌ಮಸ್ ಸ್ತುತಿಗೀತೆಗಳನ್ನು) ಹೆಣೆಯಲಾಗಿದೆ. ಅವುಗಳಲ್ಲಿ ಒಂದಾದ ‘ಹಾರ್ಕ್! ದಿ ಹೆರಾಲ್ಡ್ ಏಂಜೆಲ್ಸ್ ಸಿಂಗ್’ ಹಾಡಿನ ಮಟ್ಟು ಹುಟ್ಟಿದ್ದು ಕ್ರಿಸ್‌ಮಸ್ಸಿಗಾಗಿ ಅಲ್ಲ ಎಂಬುದನ್ನು ಪತ್ರಿಕೆಯೊಂದಕ್ಕೆ ಬರೆಯುವಾಗ ಹೇಳದಿರಲಾರೆ. ಮುದ್ರಣಕಲೆಯ ಗುಟೆನ್‌ಬರ್ಗ್ ಅವರ ಸ್ಮರಣೋತ್ಸವಕ್ಕೆಂದು 1840ರಲ್ಲಿ ಜರ್ಮನ್ ಸಂಯೋಜಕ ಮೆಂಡೆಲ್ಸನ್ ಅದನ್ನು ರಚಿಸಿದ್ದರು. ಅವರು ತೀರಿಕೊಂಡ ಮೇಲೆ ಬೇರೊಬ್ಬರು ಅದನ್ನು ಕ್ಯಾರಲ್ಲಿನ ಪದಗಳಿಗೆ ಹೊಂದಿಸಿದರು.

ಆಂಡರ್ಸನ್ ಅವರ ದನಿ ಮೊದಲಿನಂತಿಲ್ಲ ಎಂಬ ಟೀಕೆ ನಿಜ. 1984ರಲ್ಲಿ ಗಂಟಲಿಗೆ ಆದ ತೊಂದರೆಯಿಂದ ಅವರ ಮೇಲಿನ ಸ್ಥಾಯಿ ಪೂರ್ತಿಯಾಗಿ ಮರಳಲೇ ಇಲ್ಲ. ಈ ಆಲ್ಬಂನಲ್ಲಿ ಅವರು ಕೂಗಿ ಹಾಡುವ ಗೋಜಿಗೆ ಹೋಗದೆ, ಪಕ್ಕದಲ್ಲಿ ಕುಳಿತವರಿಗೆ ಹೇಳುವಷ್ಟು ಶ್ರುತಿಯಲ್ಲಿ ಹಾಡಿದ್ದಾರೆ. ಕೆಲಸ ಮುಗಿಸಿ ಬಂದು ನಡುರಾತ್ರಿ ಬೆಂಕಿಯ ಮುಂದೆ ಕೂರುವ ‘ಫೈರ್ ಅಟ್ ಮಿಡ್‌ನೈಟ್’ ಹಾಡಿಗೆ ಈ ದನಿಯೇ ಹೆಚ್ಚು ಒಪ್ಪುತ್ತದೆ. ಕುಂದುಗಳಿಲ್ಲವೆಂದು ನಾನು ವಾದಿಸುತ್ತಿಲ್ಲ. ‘ಗ್ರೀನ್‌ಸ್ಲೀವ್ಡ್’ ಹೋಟೆಲಿನ ಹಿನ್ನೆಲೆ ಸಂಗೀತದಷ್ಟು ತೆಳುವಾಗಿದೆ, ‘ಸಾಲ್‌ಸ್ಟಿಸ್ ಬೆಲ್ಸ್’ನ ಹೊಸ ರೂಪಕ್ಕೆ 1976ರ ಚುರುಕು ಬಂದಿಲ್ಲ, ಹದಿನಾರರ ಬದಲು ಹದಿಮೂರು ರಚನೆಗಳಿದ್ದಿದ್ದರೆ ಆಲ್ಬಂ ಇನ್ನಷ್ಟು ಬಿಗಿಯಾಗುತ್ತಿತ್ತು.

ಆಲ್ಬಂ ಬಂದ ಮೇಲಿನ ಸಂಗತಿಗಳನ್ನೂ ಬರೆಯುವವರು ಮರೆಯುತ್ತಾರೆ. ತಾವು ಆಚರಣೆಗೆ ಬದ್ಧರಾದ ಕ್ರೈಸ್ತರಲ್ಲ ಎಂದು ಹೇಳಿಕೊಂಡಿರುವ ಆಂಡರ್ಸನ್, ಇಂಗ್ಲೆಂಡಿನ ಹಳೆಯ ಚರ್ಚುಗಳ ಮತ್ತು ಕ್ಯಾಥೆಡ್ರಲ್‌ಗಳ ಸಹಾಯಾರ್ಥ ಡಿಸೆಂಬರಿನಲ್ಲಿ ಅಲ್ಲಿಯೇ ಕಛೇರಿ ನಡೆಸುತ್ತ ಬಂದಿದ್ದಾರೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿರುವ, ಪತ್ರಕರ್ತರ ಚರ್ಚ್ ಎಂದೇ ಹೆಸರಾದ ಸೇಂಟ್ ಬ್ರೈಡ್ಸ್‌ನಲ್ಲಿ 2008ರಲ್ಲಿ ನಡೆದ ಕಾರ್ಯಕ್ರಮದ ಧ್ವನಿಮುದ್ರಣ ಮರುವರ್ಷ ಇದೇ ಆಲ್ಬಂನ ಜೊತೆಗೆ ಹೊರಬಂದಿತು. ಇನ್ನೊಂದು ಸಂಗತಿ: 1969ರಿಂದ ತಂಡದ ಎಲ್ಲ ಆಲ್ಬಂಗಳಲ್ಲೂ ಗಿಟಾರ್ ನುಡಿಸಿದ ಮಾರ್ಟಿನ್ ಬ್ಯಾರ್ ಅವರಿಗೆ ಇದು ತಂಡದೊಂದಿಗಿನ ಕೊನೆಯ ಸ್ಟುಡಿಯೋ ಆಲ್ಬಂ ಆಯಿತು. ಜೆಥ್ರೋ ಟಲ್ ಹೆಸರಿನಲ್ಲಿ ಹೊಸ ಹಾಡುಗಳ ಮುಂದಿನ ಸ್ಟುಡಿಯೋ ಆಲ್ಬಂ ಬಂದದ್ದು 2022ರಲ್ಲಿ, ಅವರಿಲ್ಲದೆ. ಈ ಆಲ್ಬಂನ ಕಡೆಯ ರಚನೆ ‘ಎ ವಿಂಟರ್ ಸ್ನೋಸ್ಕೇಪ್’ ಬ್ಯಾರ್ ಅವರದೇ. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ವಿದಾಯವೆಂದು ಯಾರೂ ಉದ್ದೇಶಿಸದಿದ್ದರೂ ಇಂದು ಅದನ್ನು ಬೇರೆ ರೀತಿಯಲ್ಲಿ ಕೇಳಲು ನನ್ನಿಂದಾಗುತ್ತಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹಿರಿಯ ತಂಡಗಳ ಕ್ರಿಸ್‌ಮಸ್ ಆಲ್ಬಂಗಳನ್ನು ಹಬ್ಬದ ಉಡುಗೊರೆಗಳ ಪಟ್ಟಿಯಲ್ಲಿ ಒಂದು ಸಾಲಿಗೆ ಮುಗಿಸದೆ, ಸಂಗೀತ ವಿಮರ್ಶೆಯ ಅಂಕಣದಲ್ಲಿ ಉಳಿದ ಆಲ್ಬಂಗಳಿಗೆ ಕೊಡುವಷ್ಟೇ ಜಾಗ ಕೊಟ್ಟು ಬರೆಸಬೇಕು. ಯಾವ ಹಾಡು ಯಾವ ವರ್ಷದ್ದು, ಹೊಸದಾಗಿ ನುಡಿಸಿದ್ದು ಯಾವುದು, ನುಡಿಸಿದವರು ಯಾರು ಎಂಬ ವಿವರ ಅದರಲ್ಲಿರಲಿ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದೇ ಬರೆಯಲಿ, ಆದರೆ ಪೂರ್ತಿ ಕೇಳಿದ ಮೇಲೆ ಬರೆಯಲಿ. ಅದು ಡಿಸೆಂಬರಿನಲ್ಲೇ ಪ್ರಕಟವಾಗಬೇಕೆಂದೂ ಇಲ್ಲ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ